ಹಿಡಿ ನಮ್ಮದು, ಅಲಗು ಯಾರದ್ದು?

ಇಂಗ್ಲಿಷಿನ ದೊಡ್ಡ ಡಿಕ್ಷನರಿಯಲ್ಲಿ ‘ವೂಟ್ಸ್’ ಅಂತ ಒಂದು ಪದ ಇದೆ. ಖಡ್ಗಗಳ ಹುಚ್ಚು ಹಿಡಿಸಿಕೊಂಡ ಅಮೆರಿಕದವರು, ಜರ್ಮನಿಯವರು ಯೂಟ್ಯೂಬಿನಲ್ಲಿ ಈ ಪದವನ್ನು ದೇವರ ಹೆಸರಿನಷ್ಟು ಭಕ್ತಿಯಿಂದ ಹೇಳೋದನ್ನ ನೀವೂ ಕೇಳಿರಬಹುದು. ಜಗತ್ತಿನ ಅತ್ಯುತ್ತಮ ಖಡ್ಗಗಳಿಗೆ ಬಳಸಿದ ಲೋಹ ಅದು. ಈ ವೂಟ್ಸ್ ಬೇರೇನೂ ಅಲ್ಲ, ನಮ್ಮ ‘ಉಕ್ಕು’.

1794ರಲ್ಲಿ ಮುಂಬೈಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಇಲ್ಲಿಯ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಯೋಗ ಮಾಡಿ ಪ್ರಬಂಧ ಬರೆದ. ಅದರ ಶೀರ್ಷಿಕೆಯಲ್ಲೇ ‘ವೂಟ್ಸ್’ ಇತ್ತು. ‘ಉಕ್ಕು’ ಎಂಬುದನ್ನು ಯಾರೋ ‘ವುಕ್’ ಎಂದು ಬರೆದಿರಬೇಕು, ಇನ್ಯಾರೋ ಅದನ್ನು ತಪ್ಪಾಗಿ ಓದಿರಬೇಕು ಅಂತ ಹಾಬ್ಸನ್-ಜಾಬ್ಸನ್ ನಿಘಂಟು ಊಹಿಸುತ್ತದೆ. ನಾನು ಕೋಡ್ ಬರೆದು ಹೊಟ್ಟೆ ಹೊರೆಯುವವಳು, ಹಾಗಾಗಿ ಇದು ನನಗೆ ಚೆನ್ನಾಗಿ ಅರ್ಥವಾಗ್ತದೆ. ಹತ್ತು ವರ್ಷದ ಹಿಂದೆ ಯಾರೋ ವೇರಿಯೇಬಲ್ ಹೆಸರಿನ ಸ್ಪೆಲ್ಲಿಂಗ್ ತಪ್ಪು ಮಾಡಿರ್ತಾರೆ. ಈಗ ಇನ್ನೂರು ಫೈಲುಗಳಲ್ಲಿ ಅದೇ ಹೆಸರು. ಬದಲಾಯಿಸುವ ಧೈರ್ಯ ಯಾರಿಗೂ ಇಲ್ಲ. ಉಕ್ಕಿಗೂ ಹಾಗೇ ಆಯ್ತು.

ಈ ಸಲದ ಅಂಕಣಕ್ಕೆ ಖಡ್ಗವೇ ಯಾಕೆ ಬಂತು ಅಂದರೆ, ನಮ್ಮ ಮನೆಯಲ್ಲೇ ಒಂದು ಖಡ್ಗದ ಪಂಚಾಯಿತಿ ನಡೀತು. ಅದನ್ನ ಆಮೇಲೆ ಹೇಳ್ತೇನೆ. ಆ ಪಂಚಾಯಿತಿಯ ನೆಪದಲ್ಲಿ ರಾತ್ರಿ ಕೂತು ಓದಿದ್ದರಲ್ಲಿ ಅರ್ಧದಷ್ಟು ಕತೆ ನಮ್ಮ ಭಟ್ಕಳ, ಹೊನ್ನಾವರ, ಕುಮಟಾದ ದಾರಿಯಲ್ಲೇ ಓಡಾಡಿತು. ವಾರಕ್ಕೊಮ್ಮೆ ಬಸ್ಸಿನ ಕಿಟಕಿಯಿಂದ ನೋಡುವ ಊರುಗಳು ಇವೇನಾ ಅನ್ನಿಸಿಬಿಟ್ಟಿತು.

ಮೊದಲು ಲೋಹದ ವಿಷಯ. ಕಬ್ಬಿಣದ ಚೂರುಗಳನ್ನೂ ಒಂದಿಷ್ಟು ಕಟ್ಟಿಗೆಯನ್ನೂ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತಿದಿಯೊತ್ತಿ ಗಂಟೆಗಟ್ಟಲೆ ಕಾಸಬೇಕು. ಕಟ್ಟಿಗೆಯ ಇಂಗಾಲ ಕಬ್ಬಿಣದೊಳಗೆ ಸೇರುತ್ತದೆ, ಕಬ್ಬಿಣ ಕರಗುತ್ತದೆ. ನಿಧಾನವಾಗಿ ಆರಿಸಿ ಮೂಸೆ ಒಡೆದರೆ ಒಳಗೆ ಅಂಗೈಯಲ್ಲಿ ಹಿಡಿಯುವಷ್ಟು ಉಕ್ಕಿನ ಗಟ್ಟಿ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ಇದನ್ನು ಕಣ್ಣಾರೆ ನೋಡಿ ಬರೆದಿಟ್ಟಿದ್ದಾನೆ. ಮೂಸೆಗೆ ಹಾಕುತ್ತಿದ್ದದ್ದು ತಂಗಡಿ ಗಿಡದ ಕಡ್ಡಿ. ಹೌದು, ಬಯಲುಸೀಮೆಯ ರಸ್ತೆ ಬದಿಯಲ್ಲಿ ಹಳದಿ ಹೂ ಬಿಟ್ಕೊಂಡು ನಿಂತಿರುವ ಅದೇ ತಂಗಡಿ.

ಈ ಉಕ್ಕಿನಲ್ಲಿ ಇಂಗಾಲ ಸುಮಾರು ನೂರಕ್ಕೆ ಒಂದೂವರೆ ಪಾಲು. ನಮ್ಮ ಮನೆಗಳ ಕಾಂಕ್ರೀಟಿಗೆ ಹಾಕುವ ಸರಳಿನಲ್ಲಿ ಅದರ ಐದನೇ ಒಂದು ಪಾಲೂ ಇರೋದಿಲ್ಲ. ಇಷ್ಟು ಇಂಗಾಲ ಇದ್ದರೆ ಸಾಮಾನ್ಯವಾಗಿ ಉಕ್ಕು ಗಾಜಿನ ಹಾಗೆ ಸಿಡಿಯಬೇಕು. ಆದರೆ ಬಲ್ಲವನು ಹದವಾದ ಕಾವಿನಲ್ಲಿ, ಅವಸರ ಮಾಡದೆ ಬಡಿದರೆ ಗಟ್ಟಿ ಕಣಗಳು ಪದರ ಪದರವಾಗಿ ಸಾಲುಗಟ್ಟುತ್ತವೆ. ಅಲಗಿನ ಮೇಲೆ ನೀರಿನ ತೆರೆಯಂಥ ಗೆರೆಗಳು ಏಳುತ್ತವೆ. ಇದನ್ನೇ ಜಗತ್ತು ‘ಡಮಾಸ್ಕಸ್ ಉಕ್ಕು’ ಎಂದು ಕರೆಯಿತು. ಗಟ್ಟಿ ಇಲ್ಲಿಯದು, ಹೆಸರು ಸಿರಿಯಾದ ಊರಿನದು!

ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ 1819ರ ಸುಮಾರಿಗೆ ಇದೇ ಉಕ್ಕಿನ ಹಿಂದೆ ಬಿದ್ದ. ವಿದ್ಯುತ್ತಿನ ಫ್ಯಾರಡೆಯೇ. ಅವನಪ್ಪ ಕಮ್ಮಾರ. ಎಷ್ಟು ತಿಣುಕಿದರೂ ಗುಟ್ಟು ಪೂರ್ತಿ ಸಿಗಲಿಲ್ಲ. ಬಹಳ ಕಾಲದ ನಂತರ ಅಮೆರಿಕದ ಲೋಹವಿಜ್ಞಾನಿ ವರ್ಹೋವನ್, ಪೆಂಡ್ರೆ ಎಂಬ ಕಮ್ಮಾರನನ್ನು ಜೊತೆಗಿಟ್ಟುಕೊಂಡು ಮಾಡಿದ ಪ್ರಯೋಗಗಳಲ್ಲಿ ಒಂದು ಎಳೆ ಸಿಕ್ಕಿತು. ಅದಿರಿನಲ್ಲಿ ತೀರಾ ಅಲ್ಪ ಪ್ರಮಾಣದ ವನಾಡಿಯಂನಂಥ ಲೋಹ ಇದ್ದರೆ ಮಾತ್ರ ಆ ತೆರೆಗಳು ಮೂಡುತ್ತವೆ. ಆ ಅದಿರು ಮುಗಿದಾಗ, ಕೈಚಳಕ ಹಾಗೇ ಇದ್ದರೂ ಗೆರೆ ಏಳಲಿಲ್ಲ, ಕೊನೆಗೆ ಕಲೆಯೇ ಮರೆತುಹೋಯಿತು ಅನ್ನೋದು ಅವರ ವಾದ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕೋಡ್ ಸರಿಯಾಗಿಯೇ ಇತ್ತು, ಕೆಳಗಿದ್ದ ಲೈಬ್ರರಿ ಕಾಣೆಯಾಯ್ತು. 2006ರಲ್ಲಿ ಡ್ರೆಸ್ಡೆನ್ನಿನ ವಿಜ್ಞಾನಿಗಳು 17ನೇ ಶತಮಾನದ ಇಂಥದೊಂದು ಖಡ್ಗದ ಚೂರಿನಲ್ಲಿ ಕಾರ್ಬನ್ ನ್ಯಾನೊಟ್ಯೂಬ್ ಕಂಡೆವೆಂದು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅವತ್ತಿನಿಂದ ವಾಟ್ಸಾಪಿನಲ್ಲಿ ‘ನಮ್ಮ ಪೂರ್ವಜರಿಗೆ ನ್ಯಾನೊ ಟೆಕ್ನಾಲಜಿ ಗೊತ್ತಿತ್ತು’ ಅಂತ ಮೆಸೇಜು ಸುತ್ತುತ್ತಲೇ ಇದೆ. ಅವರಿಗೆ ಗೊತ್ತಿದ್ದದ್ದು ಬೆಂಕಿಯ ಬಣ್ಣ. ಕೆಂಪು ಎಷ್ಟಾದಾಗ ಬಡಿಯಬೇಕು, ಎಷ್ಟಾದಾಗ ಬಿಡಬೇಕು ಅನ್ನೋದು. ನನ್ನ ಮಟ್ಟಿಗೆ ಅದು ನ್ಯಾನೊಗಿಂತ ದೊಡ್ಡದು.

ಅರಬ್ಬರಿಗೆ ಇದು ಬಹಳ ಹಿಂದೆಯೇ ಗೊತ್ತಿತ್ತು. ಅರಬ್ಬಿಯಲ್ಲಿ ಒಳ್ಳೆಯ ಖಡ್ಗಕ್ಕೆ ‘ಮುಹನ್ನದ್’ ಅನ್ನುತ್ತಾರೆ. ಅಂದರೆ ಹಿಂದ್ ದೇಶದ್ದು. 9ನೇ ಶತಮಾನದಲ್ಲಿ ಬಾಗ್ದಾದಿನ ಅಲ್-ಕಿಂದಿ ಖಡ್ಗಗಳ ಬಗ್ಗೆಯೇ ಒಂದು ಗ್ರಂಥ ಬರೆದ. ಯಾವ ಉಕ್ಕು ಎಲ್ಲಿಯದು, ಯಾವುದು ಅಸಲಿ, ಯಾವುದು ನಕಲಿ ಎಂಬೆಲ್ಲ ವಿಂಗಡಣೆ ಅದರಲ್ಲಿದೆ. ಫಾರ್ಸಿಯಲ್ಲಿ ‘ಹಿಂದಿನ ಉತ್ತರ ಕೊಡುವುದು’ ಎಂದರೆ ಭಾರತದ ಖಡ್ಗದಿಂದ ಒಂದೇಟು ಹಾಕುವುದು.

ಹಾಗಾದರೆ ಕಬ್ಬಿಣ, ಉಕ್ಕು ಇಲ್ಲಿಂದ ಹೋಗಿದ್ದು ಹೇಗೆ? ಹಡಗಿನಲ್ಲಿ. ಹಡಗು ಹೊರಟದ್ದು ಪಶ್ಚಿಮ ಕರಾವಳಿಯ ಬಂದರುಗಳಿಂದ, ಅವುಗಳಲ್ಲಿ ದೊಡ್ಡ ಹೆಸರು ಭಟ್ಕಳದ್ದು.

ಈಗಿನ ಭಟ್ಕಳ ಅಂದರೆ ನಿಮಗೆ ಬಿರಿಯಾನಿ, ಮಲ್ಲಿಗೆ, ದುಬೈ ನೆನಪಾಗಬಹುದು. 1500ರ ಸುಮಾರಿಗೆ ಅದು ವಿಜಯನಗರದ ಬಾಯಿ. ಹಾರ್ಮುಜಿನಿಂದ ಕುದುರೆಗಳು ಇಲ್ಲಿ ಇಳಿಯುತ್ತಿದ್ದವು. ಪೋರ್ಚುಗೀಸ್ ಬರಹಗಾರ ಡುವಾರ್ತೆ ಬಾರ್ಬೋಸ ಭಟ್ಕಳದಿಂದ ಹೊರಗೆ ಹೋಗುವ ಸರಕು ಹೇಳುವಾಗ ಅಕ್ಕಿ, ಸಕ್ಕರೆಯ ಜೊತೆಗೆ ಕಬ್ಬಿಣವನ್ನೂ ಹೇಳುತ್ತಾನೆ. ಘಟ್ಟದ ಮೇಲಿನಿಂದ ಎತ್ತುಗಳ ಬೆನ್ನ ಮೇಲೆ ಇಳಿದು ಬಂದ ಕಬ್ಬಿಣ ಅದು. ಕುದುರೆ ಒಳಗೆ ಬಂತು, ಕಬ್ಬಿಣ ಹೊರಗೆ ಹೋಯಿತು. ಎರಡೂ ಯುದ್ಧದ ಸಾಮಾನೇ. ನಡುವೆ ಕೂತು ಸುಂಕ ವಸೂಲಿ ಮಾಡಿದವರು ಕರಾವಳಿಯವರು!

1547ರ ಸೆಪ್ಟೆಂಬರಿನಲ್ಲಿ ವಿಜಯನಗರಕ್ಕೂ ಗೋವಾದ ಪೋರ್ಚುಗೀಸರಿಗೂ ಒಂದು ಒಪ್ಪಂದವಾಯ್ತು. ಅದರ ಷರತ್ತುಗಳನ್ನು ಓದಿದರೆ ಈಗಿನ ಟ್ರೇಡ್ ಅಗ್ರಿಮೆಂಟ್ ಓದಿದ ಹಾಗೇ ಅನ್ನಿಸುತ್ತದೆ. ಗೋವಾಕ್ಕೆ ಬರುವ ಅರಬ್ಬಿ, ಪರ್ಷಿಯನ್ ಕುದುರೆಗಳೆಲ್ಲ ಹಣ ಕೊಟ್ಟರೆ ವಿಜಯನಗರಕ್ಕೇ ಸಿಗಬೇಕು. ವಿಜಯನಗರದ ವ್ಯಾಪಾರಿಗಳು ತಮ್ಮ ಸರಕನ್ನು ಅಂಕೋಲಾ, ಹೊನ್ನಾವರದ ಮೂಲಕ ಪೋರ್ಚುಗೀಸರಿಗೇ ಕೊಡಬೇಕು. ಬಂಕಾಪುರದ ಕಡೆಯಿಂದ ಬರುವ ಕಬ್ಬಿಣ ಮತ್ತು ಪೆಟ್ಲುಪ್ಪಿಗೂ ಅದರಲ್ಲಿ ಒಂದು ಷರತ್ತು. ಪೆಟ್ಲುಪ್ಪು ಅಂದರೆ ಮದ್ದಿನ ಪುಡಿಗೆ ಬೇಕಾದ ಮುಖ್ಯ ವಸ್ತು. ಕಬ್ಬಿಣದ ಪಕ್ಕದಲ್ಲೇ ಅದು ಬಂದು ಕೂತಿದೆ ನೋಡಿ. ಖಡ್ಗದ ದಿನಗಳು ಮುಗಿಯುತ್ತಾ ಬಂದಿದ್ದವು.

ಅದಕ್ಕೂ ಇನ್ನೂರು ವರ್ಷ ಹಿಂದೆ ಹೋಗೋಣ, ಹೊನ್ನಾವರಕ್ಕೆ. ಮೊರಾಕ್ಕೋದ ಇಬ್ನ್ ಬತೂತ 1342ರಲ್ಲಿ ಅಲ್ಲಿದ್ದ. ಅವನ ಪುಸ್ತಕದಲ್ಲಿ ಊರಿನ ಹೆಸರು ‘ಹಿನೌರ್’. ಊರಿನಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ನೋಡಿದೆ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಅಂತ ಬರೆದಿದ್ದಾನೆ. ಹೊನ್ನಾವರದವರು ಈ ಒಂದು ಸಾಲನ್ನು ಬಸ್ ಸ್ಟ್ಯಾಂಡಿನಲ್ಲಿ ಬರೆಸಿ ಹಾಕಬೇಕು. ಅದೇ ವರ್ಷ ಅಲ್ಲಿಯ ಸುಲ್ತಾನ ಜಮಾಲುದ್ದೀನ್ 52 ಹಡಗು ಸಜ್ಜು ಮಾಡಿ ಸಂದಾಬೂರಿನ ಮೇಲೆ, ಅಂದರೆ ಗೋವಾದ ಮೇಲೆ, ದಂಡೆತ್ತಿ ಹೋದ. ಇಬ್ನ್ ಬತೂತನೂ ಹಡಗು ಹತ್ತಿದ. ದಡ ಹತ್ತಿರವಾದಾಗ ಗುರಾಣಿ, ಖಡ್ಗ ಹಿಡಿದು ಜನ ನೀರಿಗೆ ಹಾರಿದರು, ನಾನೂ ಇಳಿದೆ ಅನ್ನುತ್ತಾನೆ. ಎರಡು ಹಡಗುಗಳ ಹಿಂಭಾಗ ತೆರೆದೇ ಇತ್ತಂತೆ. ಒಳಗೇ ಕುದುರೆ ಏರಿ, ಕವಚ ತೊಟ್ಟು, ಸವಾರ ನೇರವಾಗಿ ಹೊರಗೆ ಬರುವ ಹಾಗೆ ಕಟ್ಟಿದ ಹಡಗುಗಳು.

ಈ ಕುದುರೆ ಸವಾರನ ಕೈಲಿರುವ ಖಡ್ಗ ಹೇಗಿರಬೇಕು? ಇಲ್ಲಿಂದ ಆಕಾರದ ಪ್ರಶ್ನೆ ಶುರು.

ಗುರಾಣಿಗೆ ಗುರಾಣಿ ತಾಗಿಸಿ ಸಾಲಾಗಿ ನಿಂತು ಹೋರಾಡುವವನಿಗೆ ಕೈ ಬೀಸಲು ಜಾಗವೇ ಇರುವುದಿಲ್ಲ. ರೋಮನ್ ಸೈನಿಕನ ಖಡ್ಗ ಗಿಡ್ಡ, ನೇರ, ಚುಚ್ಚಲು ಅನುಕೂಲ. ಕುದುರೆಯ ಮೇಲೆ ಓಡುತ್ತಾ ಬರುವವನಿಗೆ ಚುಚ್ಚುವುದು ಅಪಾಯ. ಅಲಗು ಸಿಕ್ಕಿಕೊಂಡರೆ ಅವನ ಕೈಯೇ ಕಿತ್ತು ಬರುತ್ತದೆ. ಅವನಿಗೆ ಕೊಯ್ದು ಜಾರಿಕೊಂಡು ಮುಂದೆ ಹೋಗಬೇಕು. ಹಾಗಾಗಿ ಮಧ್ಯ ಏಷ್ಯಾದ ಬಯಲಿನಲ್ಲಿ ಅಲಗು ಬಾಗಿತು. ತುರ್ಕರ ಜೊತೆ ಆ ಬಾಗು ಎಲ್ಲೆಡೆ ಹಬ್ಬಿತು. ಪರ್ಷಿಯಾದಲ್ಲಿ ಶಂಶೀರ್ ಆಯಿತು, ನಮ್ಮಲ್ಲಿ ತಲವಾರು ಆಯಿತು. ಜಪಾನಿನ ಕತಾನ ಬಾಗಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಅಲಗಿಗೆ ಮಣ್ಣು ಮೆತ್ತಿ ಕಾಸಿ ನೀರಿಗೆ ಅದ್ದುತ್ತಾರೆ. ಬೆನ್ನಿಗೆ ದಪ್ಪ ಮಣ್ಣು, ಅಂಚಿಗೆ ತೆಳುವು. ಎರಡೂ ಕಡೆ ತಣಿಯುವ ವೇಗ ಬೇರೆಬೇರೆಯಾಗಿ ಅಲಗು ನೀರಿನಲ್ಲೇ ಬಾಗು ಪಡೆಯುತ್ತದೆ.

ನಮ್ಮಲ್ಲಿ ತಲವಾರು ಬರುವ ಮೊದಲು ಏನಿತ್ತು ಅಂತ ನೋಡಬೇಕಾದರೆ ಮ್ಯೂಸಿಯಮ್ಮೇ ಬೇಕಾಗಿಲ್ಲ. ಊರ ಹೊರಗಿನ ವೀರಗಲ್ಲು ಸಾಕು. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗವೋ ಜಿನನೋ. ಆ ಕೆಳಗಿನ ಪಟ್ಟಿಕೆಯಲ್ಲಿ ವೀರನ ಕೈಲಿರುವುದು ಸಾಮಾನ್ಯವಾಗಿ ನೇರವಾದ, ಅಗಲ ಅಲಗಿನ ಖಡ್ಗ. ಹಳಗನ್ನಡದಲ್ಲಿ ಅದಕ್ಕೆ ‘ಬಾಳ್’ ಅಂತಾನೂ ಹೆಸರು. ಮಲಯಾಳದಲ್ಲಿ ಈಗಲೂ ‘ವಾಳ್’. ನಾವು ಮಾತ್ರ ಬಾಳು ಅಂದರೆ ಬದುಕು ಅಂತಷ್ಟೇ ಇಟ್ಟುಕೊಂಡೆವು.

ಇದೆಲ್ಲ ಯಾಕೆ ಹೇಳಿದೆ ಅಂದರೆ, ಮೊನ್ನೆ ಎಐಗೆ ‘ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಚಿತ್ರ ಮಾಡು’ ಅಂತ ಹೇಳಿದೆ. ಸುಮಾರು 1552ರಿಂದ 1606ರವರೆಗೆ ಆಳಿದವಳು, ಪೋರ್ಚುಗೀಸರ ಬಾಯಲ್ಲಿ ‘ಮೆಣಸಿನ ರಾಣಿ’. ಕುಮಟಾದ ಹತ್ತಿರದ ಮಿರ್ಜಾನ್ ಕೋಟೆಯೂ ಅವಳ ಹೆಸರಿಗೇ ಅಂಟಿಕೊಂಡಿದೆ. ಎಐ ಅವಳ ಕೈಗೆ ಸಿನಿಮಾದ ರಜಪೂತರ ಬಾಗಿದ ತಲವಾರು ಕೊಟ್ಟಿತು, ಹಿಂದೆ ಮರುಭೂಮಿ ಇಟ್ಟಿತು! ಶರಾವತಿಯ ಕಾಡಿನ ನಡುವೆ ಮರುಭೂಮಿ. ಅವಳ ಕಾಲದ ವಿಜಯನಗರ ಶೈಲಿಯ ಕೆತ್ತನೆಗಳಲ್ಲಿ ನೇರ ಖಡ್ಗ ಇದೆ, ಮುಷ್ಟಿಯಲ್ಲಿ ಅಡ್ಡ ಹಿಡಿಯುವ ಕಠಾರಿ ಇದೆ. ಅದನ್ನೆಲ್ಲ ಯಾರೂ ಡಿಜಿಟೈಸ್ ಮಾಡಿ ಸರಿಯಾದ ಹೆಸರು ಕೊಟ್ಟಿಲ್ಲದ ಮೇಲೆ ಪಾಪ, ಎಐ ಎಲ್ಲಿಂದ ಕಲಿಯಬೇಕು?

ಅಷ್ಟಕ್ಕೂ ಅವಳಿಗೆ ಖಡ್ಗಕ್ಕಿಂತ ಮೆಣಸೇ ಹೆಚ್ಚು ಉಪಯೋಗಕ್ಕೆ ಬಂದಿರಬೇಕು. ಸಮುದ್ರದಿಂದ ಬಂದ ವೈರಿಯ ಎದುರು ಖಡ್ಗ ಏನೂ ಮಾಡುವಂತಿರಲಿಲ್ಲ. 1502ರಲ್ಲಿ ವಾಸ್ಕೋ ಡ ಗಾಮಾನ ಹಡಗುಗಳು ಭಟ್ಕಳದ ಮೇಲೆ ಬಿದ್ದವು. 1542ರಲ್ಲಿ ಮಾರ್ಟಿಮ್ ಅಫೊನ್ಸೊ ಡಿ ಸೋಜ ಊರಿಗೇ ಬೆಂಕಿ ಇಟ್ಟ. ಹಡಗಿನ ಫಿರಂಗಿಗೆ ಕೈಯಳತೆಯ ದೂರ ಬೇಕಿಲ್ಲ.

‘ಫಿರಂಗಿ’ ಅಂದೆ ನೋಡಿ. ಕನ್ನಡದಲ್ಲಿ ಅದು ತೋಪು. ಆದರೆ ದಖ್ಖನಿನಲ್ಲಿ ಅದೇ ಹೆಸರಿನ ಒಂದು ಖಡ್ಗವೂ ಇದೆ. ಪೋರ್ಚುಗೀಸರು ಬಂದ ಮೇಲೆ ಜರ್ಮನಿಯ ಸೊಲಿಂಗನ್, ಇಟಲಿ, ಸ್ಪೇನುಗಳಲ್ಲಿ ಮಾಡಿದ ನೇರ, ಉದ್ದನೆಯ ಅಲಗುಗಳು ಈ ಕರಾವಳಿಯಲ್ಲಿ ಇಳಿಯತೊಡಗಿದವು. ಬರೀ ಅಲಗು. ಇಲ್ಲಿಯ ಆಚಾರಿಗಳು ಅದಕ್ಕೆ ಇಲ್ಲಿಯ ಹಿಡಿ ಕೂರಿಸಿದರು. ಬೆರಳು ಮುಚ್ಚುವ ಅಗಲ ಕಾಪು, ಮೇಲೆ ತಟ್ಟೆಯಂಥ ಗುಂಡಿ, ಅದರಿಂದ ಎದ್ದ ಗಿಡ್ಡ ಮೊಳೆ. ಬೇಕಾದಾಗ ಇನ್ನೊಂದು ಕೈಯಲ್ಲಿ ಆ ಮೊಳೆಯನ್ನೂ ಹಿಡಿದು ಬೀಸಬಹುದು. ಫರಂಗಿಯವರ ಅಲಗು, ಅದಕ್ಕೇ ಫಿರಂಗಿ. ಮರಾಠರಿಗೆ, ಬಿಜಾಪುರದವರಿಗೆ, ಮೊಘಲರಿಗೆ ಎಲ್ಲರಿಗೂ ಇದು ಬೇಕಾಯಿತು. ಜರ್ಮನ್ ಮಾದರಿಯ ಬಾಗಿದ ಅಲಗಿಗೆ ‘ಅಲೆಮಾನಿ’ ಎಂಬ ಬೇರೆ ಹೆಸರೇ ಇತ್ತು.

2023ರ ಮೇ ತಿಂಗಳಲ್ಲಿ ಟಿಪ್ಪುವಿನ ಮಲಗುವ ಕೋಣೆಯ ಖಡ್ಗ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಹೋದದ್ದು ನಿಮಗೆ ನೆನಪಿರಬಹುದು. ಅದರ ಪರವಾಗಿಯೂ ವಿರೋಧವಾಗಿಯೂ ನಮ್ಮ ಫೀಡಿನಲ್ಲಿ ಒಂದು ವಾರ ಯುದ್ಧವೇ ನಡೆಯಿತು. ಹರಾಜಿನವರ ವಿವರಣೆ ಎಷ್ಟು ಜನ ಓದಿದರೋ! 16ನೇ ಶತಮಾನದಲ್ಲಿ ಭಾರತಕ್ಕೆ ಬಂದ ಜರ್ಮನ್ ಅಲಗುಗಳ ಮಾದರಿಯಲ್ಲಿ ಮೊಘಲ್ ಕಮ್ಮಾರರು ಮಾಡಿದ್ದು ಎಂದು ಅದರಲ್ಲಿ ಬರೆದಿತ್ತು. ಮೈಸೂರಿನ ಸುಲ್ತಾನ, ಮೊಘಲ್ ಕಮ್ಮಾರ, ಜರ್ಮನ್ ಮಾದರಿ. ‘ನಮ್ಮದು’ ‘ಅವರದ್ದು’ ಅಂತ ಗೆರೆ ಎಳೆಯೋಕೆ ಹೋದರೆ ಗೆರೆ ಅಲಗಿನ ಮಧ್ಯೆಯೇ ಹಾದುಹೋಗುತ್ತದೆ.

ಈಗ ನಮ್ಮ ಮನೆಯ ಪಂಚಾಯಿತಿಗೆ ಬರ್ತೇನೆ.

ಅಘನಾಶಿನಿಯ ಈಚೆ ದಡದಲ್ಲಿ ಅಜ್ಜನ ಮನೆ ಇದೆ. ದೇವರ ಕೋಣೆಯ ಅಟ್ಟದ ಮೇಲೆ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ಒಂದು ಖಡ್ಗ. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಕೆಳಗೆ ಬರುತ್ತದೆ. ಅದರ ಪಕ್ಕದಲ್ಲಿ ಮೆಟ್ಟುಗತ್ತಿ, ಪಿಕಾಸಿ, ದೊಡ್ಡಪ್ಪನ ಸ್ಕೂಟರಿನ ಕೀ, ನನ್ನ ಲ್ಯಾಪ್‌ಟಾಪು. ಎಲ್ಲಕ್ಕೂ ಒಂದೇ ಕುಂಕುಮ. ಈ ವರ್ಷ ಮನೆ ಪಾಲಾಗುವ ಮಾತು ನಡೀತಿತ್ತು. ಗದ್ದೆ, ತೋಟ, ಪಾತ್ರೆ ಎಲ್ಲ ಲೆಕ್ಕಕ್ಕೆ ಬಂತು. ಖಡ್ಗ ಯಾರಿಗೆ?

ದೊಡ್ಡಪ್ಪ ಹೇಳಿದರು, “ಮಾರಿಬಿಡೋಣ. ಹಳೇ ಸಾಮಾನು ತಗೊಳ್ಳೋನು ಒಬ್ಬ ಫೋನ್ ಮಾಡಿದ್ದಾನೆ. ಫೋಟೋ ನೋಡೇ ರೇಟ್ ಹೇಳ್ದ.” ಚಿಕ್ಕಪ್ಪನ ಮಗನಿಗೆ ಇಪ್ಪತ್ತೆರಡು. ಅವನ ಯೋಜನೆ ಬೇರೆ. ಬರ್ತ್‌ಡೇಗೆ ಅದರಲ್ಲೇ ಕೇಕ್ ಕತ್ತರಿಸಿ ರೀಲ್ ಮಾಡಬೇಕು. “ಗ್ರೈಂಡರ್ ಹಿಡಿದ್ರೆ ಹತ್ತು ನಿಮಿಷಕ್ಕೆ ಕನ್ನಡಿ ಆಗ್ತದೆ ಅಕ್ಕ” ಅಂದ. ನಾನು ಎತ್ತಿ ನೋಡಲು ಹೋದರೆ ದೊಡ್ಡಪ್ಪ ಮೆಲ್ಲಗೆ, “ಹೆಣ್ಮಕ್ಕಳು ಅದನ್ನೆಲ್ಲ ಮುಟ್ಟೋದಿಲ್ಲ ತಂಗೀ” ಅಂದರು. ಆಯಿ ಒಳಗಿಂದಲೇ, “ವರ್ಷಾ ಅದಕ್ಕೆ ಎಣ್ಣೆ ಹಚ್ಚುದು ಯಾರು ಭಾವ, ನಾನೇ ಅಲ್ದಾ?” ಅಂದಳು. ಅಲ್ಲಿಗೆ ಆ ವಿಷಯ ಮುಗೀತು.

ಎರಡು ದಿನ ಟೈಮ್ ಕೇಳಿದೆ. ಮೊದಲು ಕಾನೂನು ನೋಡಿದೆ. 1959ರ ಆಯುಧ ಕಾಯ್ದೆಯಡಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗು, ಮನೆಗೆಲಸ, ಕೃಷಿ ಕೆಲಸಕ್ಕೆ ಮಾಡಿದ್ದಲ್ಲದಿದ್ದರೆ, ಆಯುಧವೇ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ ಅದಕ್ಕೆ ಪರವಾನಗಿ ಬೇಕು. ಖಡ್ಗದಲ್ಲಿ ಕೇಕ್ ಕತ್ತರಿಸಿ ವಿಡಿಯೊ ಹಾಕಿದವರ ಮೇಲೆ ರಾಜ್ಯದಲ್ಲಿ ಎಷ್ಟೋ ಕೇಸುಗಳಾಗಿವೆ. ನಮ್ಮ ಕಡೆ ಖಡ್ಗ ಹಿಡಿದ ಫೋಟೋ ಅಂದರೆ ಊರಿಗೂರೇ ಉಸಿರು ಬಿಗಿಹಿಡಿಯುವ ದಿನಗಳಿರುತ್ತವೆ, ಅದನ್ನು ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾರಾಟಕ್ಕೆ 1972ರ ಪ್ರಾಚ್ಯವಸ್ತು ಕಾಯ್ದೆ ಇದೆ. 100 ವರ್ಷ ಮೀರಿದ ಇಂಥ ವಸ್ತು ಕೊಂಡು ಮಾರುವ ವ್ಯಾಪಾರಿಗೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದ ಹೊರಗೆ ಸಾಗಿಸುವ ಹಾಗಿಲ್ಲ. ಫೋನ್ ಮಾಡಿದವನಿಗೆ ಲೈಸೆನ್ಸ್ ನಂಬರ್ ಕೇಳಿ ಅಂದೆ. ದೊಡ್ಡಪ್ಪ ಕೇಳಿದರು. ಅವನು ಆಮೇಲೆ ಫೋನ್ ಎತ್ತಲಿಲ್ಲ.

ಗ್ರೈಂಡರಿನ ವಿಷಯಕ್ಕೆ ನನ್ನ ಮಾತಿಗೆ ತಮ್ಮ ಬಗ್ಗಲಿಲ್ಲ. ಹಾಗಾಗಿ ಖಡ್ಗವನ್ನ ಮತ್ತೆ ಬಟ್ಟೆಯಲ್ಲಿ ಸುತ್ತಿ ಮನೆಯಲ್ಲೇ ಇಟ್ಟು, ನಮಗೆ ಕತ್ತಿ, ಪಿಕಾಸಿ ಮಾಡಿಕೊಡುವ ಆಚಾರಿಯನ್ನೇ ಕರೆಸಿದೆವು. ಎಪ್ಪತ್ತು ದಾಟಿದವರು. ಜಗಲಿಯ ಮೇಲೆ ಕೂತು, ಕನ್ನಡಕ ಒರೆಸಿಕೊಂಡು, ಮೊದಲು ಉಗುರಿನಿಂದ ಅಲಗಿಗೆ ತಟ್ಟಿದರು. ಕಿವಿಯ ಹತ್ತಿರ ಹಿಡಿದರು. ಮತ್ತೊಮ್ಮೆ ತಟ್ಟಿದರು. ನಂತರ ಹಿಡಿಯ ಬುಡ ನೋಡಿದರು. ಅಲಗಿನ ಎರಡೂ ಬದಿಗೆ ಹಿಡಿಯಿಂದ ಒಂದೊಂದು ಪಟ್ಟಿ ಇಳಿದು ಬಂದಿತ್ತು, ಪಟ್ಟಿಗೆ ಮೂರು ಮೊಳೆ.

“ಇದು ಎರಡು ಕೈಯ ಕೆಲಸ” ಅಂದರು. “ಅಲಗು ಮಾಡಿದವನೇ ಬೇರೆ, ಹಿಡಿ ಕೂರ್ಸಿದವನೇ ಬೇರೆ.”

ಅವರು ಫಿರಂಗಿ ಖಡ್ಗದ ಹೆಸರು ಕೇಳಿದವರಲ್ಲ. ನಾನೂ ಅವರಿಗೆ ಏನೂ ಹೇಳಿರಲಿಲ್ಲ. ತಲವಾರಿನ ಹಿಡಿಯನ್ನು ಸಾಮಾನ್ಯವಾಗಿ ಅರಗು ಕಾಸಿ ತುಂಬಿ ಕೂರಿಸುತ್ತಾರೆ. ಹೊರಗಿನಿಂದ ಬಂದ ಉದ್ದ ಅಲಗಿಗೆ ಹೀಗೆ ಪಟ್ಟಿ ಇಳಿಸಿ ಮೊಳೆ ಬಡಿಯುವುದು ಹೆಚ್ಚು. ಅಲಗು ನೇರ, ಉದ್ದಕ್ಕೆ ಮೂರು ಸಪೂರ ಗೆರೆ ಕೊರೆದಿದೆ, ಮೊನೆ ಯಾವಾಗಲೋ ಮುರಿದಿದೆ. ಸೊಲಿಂಗನ್ನಿನದೋ, ಅದನ್ನು ನೋಡಿ ಇಲ್ಲೇ ಮಾಡಿದ್ದೋ, ತುಕ್ಕಿನ ಕೆಳಗೆ ಏನಾದರೂ ಗುರುತು ಇದ್ದರೆ ಅದೇ ಹೇಳಬೇಕು. ಗ್ರೈಂಡರ್ ಮೊದಲು ತಿನ್ನುವುದು ಆ ಗುರುತನ್ನೇ.

ತಮ್ಮ ಕೇಳಿದ, “ಸ್ವಲ್ಪ ಮಿಷನ್ ಹಿಡಿದ್ರೆ ಎಂತ ಆಗ್ತದೆ ಆಚಾರ್ರೇ?”

“ಕಾವು ಹತ್ತಿ ಹದ ಹೋಗ್ತದೆ ಮಾರಾಯ. ಹದ ಹೋದ್ಮೇಲೆ ಇದಕ್ಕೂ ಕಿಟಕಿ ಸರಳಿಗೂ ಎಂತಾ ವ್ಯತ್ಯಾಸ? ಕೊಬ್ಬರಿ ಎಣ್ಣೆ ಹಚ್ಚಿ ಇಡಿ, ಸಾಕು.”

ನಾನು ಎರಡು ರಾತ್ರಿ ಓದಿ ಹೇಳಿದ್ದನ್ನ ಕೇಳದವನು ಈ ಎರಡು ಮಾತಿಗೆ ಸುಮ್ಮನಾದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಕೈಯಲ್ಲಿ ಕೆಲಸ ಮಾಡಿದವರ ಮಾತಿಗೆ ಒಂದು ತೂಕ ಇರ್ತದೆ, ಪಿಡಿಎಫ್ ಓದಿದವಳ ಮಾತಿಗೆ ಅದು ಬರೋದಿಲ್ಲ.

ಚಹಾ ಕುಡಿಯುತ್ತಾ ಆಚಾರಿ ತಮ್ಮ ಕಸುಬಿನ ಕತೆ ತೆಗೆದರು. ಮಕ್ಕಳು ಯಾರೂ ಕುಲುಮೆಗೆ ಬಂದಿಲ್ಲ. ಸಂತೆಯಲ್ಲಿ ಅಚ್ಚಿನಲ್ಲಿ ಒತ್ತಿದ ಕತ್ತಿ ಅಗ್ಗಕ್ಕೆ ಸಿಗುತ್ತದೆ. ಅವರ ಕತ್ತಿ ಬೇಕು ಅನ್ನುವವರು ಈಗ ತೆಂಗಿನಕಾಯಿ ಸುಲಿಯುವವರು, ಸೊಪ್ಪು ಕಡಿಯುವವರು ಮಾತ್ರ. ನನಗೆ ಜಪಾನಿನ ಕತೆ ನೆನಪಾಯ್ತು. 1876ರಲ್ಲಿ ಅಲ್ಲಿಯ ಸರ್ಕಾರ ಸಮುರಾಯಿಗಳು ಖಡ್ಗ ಧರಿಸಿ ತಿರುಗುವುದನ್ನೇ ನಿಷೇಧಿಸಿತು. ಎಷ್ಟೋ ಖಡ್ಗ ಕಮ್ಮಾರರು ಹೊಟ್ಟೆಪಾಡಿಗೆ ಅಡುಗೆ ಚಾಕು ಮಾಡತೊಡಗಿದರು. ಇವತ್ತು ಸೆಕಿ, ಸಕಾಯಿ ಊರುಗಳ ಚಾಕುವಿಗೆ ನಮ್ಮ ಬೆಂಗಳೂರಿನ ಹೋಟೆಲ್ ಬಾಣಸಿಗರು ಸಾವಿರಗಟ್ಟಲೆ ಕೊಡುತ್ತಾರೆ. ಅದಾಗಿ ಎರಡೇ ವರ್ಷಕ್ಕೆ, 1878ರಲ್ಲಿ, ಬ್ರಿಟಿಷರು ಭಾರತದಲ್ಲಿ ಆಯುಧ ಕಾಯ್ದೆ ತಂದರು. ನಮ್ಮ ಆಚಾರಿಗಳೂ ಕತ್ತಿ, ನೇಗಿಲ ಗುಳ, ಬಾಗಿಲ ಚಿಲಕ ಮಾಡುತ್ತಾ ಉಳಿದರು. ಅವರ ಕತ್ತಿಗೆ ಮಾತ್ರ ಊರಿನ ಹೆಸರು ಹಚ್ಚಿ ಯಾರೂ ಮಾರಲಿಲ್ಲ.

ಖಡ್ಗದ ಜಾಡು ಈ ಕಡೆ ಉಳಿದಿರುವುದು ಆಟದಲ್ಲಿ ಮತ್ತು ದೈವದಲ್ಲಿ. ಹೊನ್ನಾವರದ ಸುತ್ತ ರಾತ್ರಿ ಬಯಲಾಟದಲ್ಲಿ ರಾಕ್ಷಸ ವೇಷ ಆರ್ಭಟಿಸಿ ಬೀಸುವುದು ಬಣ್ಣ ಬಳಿದ ಮರದ ಖಡ್ಗ. ಉಡುಪಿಯಿಂದಾಚೆ ಭೂತದ ಕೈಲಿರುವುದಕ್ಕೆ ತುಳುವಿನಲ್ಲಿ ‘ಕಡ್ಸಲೆ’ ಅಂತಾರೆ. ಅದು ಲೋಹದ್ದು, ಆದರೆ ಅದಕ್ಕೆ ಕಡಿಯುವ ಕೆಲಸ ಇಲ್ಲ, ನ್ಯಾಯ ಹೇಳುವ ಕೆಲಸ.

ನಮ್ಮ ಪಾಲಿನ ಕಾಗದಕ್ಕೆ ಕೊನೆಗೆ ಒಂದು ಸಾಲು ಸೇರಿತು. ಖಡ್ಗ ಯಾರ ಪಾಲಿಗೂ ಇಲ್ಲ, ಮೂಲಮನೆಯ ದೇವರ ಕೋಣೆಯಲ್ಲೇ ಇರಬೇಕು, ಉಜ್ಜಬಾರದು, ಮಾರಬಾರದು. ಪರವಾನಗಿ ಬೇಕೋ ಬೇಡವೋ ಅಂತ ಲಿಖಿತವಾಗಿ ಕೇಳಿ ದೊಡ್ಡಪ್ಪನ ಹೆಸರಿನಲ್ಲಿ ಅರ್ಜಿ ಹೋಗಿದೆ. ಟೈಪ್ ಮಾಡಿದ್ದು ನಾನು. ಎಣ್ಣೆ ಹಚ್ಚುವವರ ಜಾಗದಲ್ಲಿ ಆಯಿಯ ಹೆಸರು ಹಾಕಿಸಿದೆ, ದೊಡ್ಡಪ್ಪ ತಕರಾರು ತೆಗೆಯಲಿಲ್ಲ. ತಮ್ಮ ಕೇಕಿಗೆ ಡಬ್ಬಿಯ ಜೊತೆ ಬಂದ ಪ್ಲಾಸ್ಟಿಕ್ ಚಾಕು ಬಳಸಿದ. ರೀಲಿಗೆ ಎಂದಿಗಿಂತ ಕಡಿಮೆ ಲೈಕ್ ಬಂತು ಅಂತ ಬೇಜಾರು ಮಾಡ್ಕೊಂಡ.

ಹೊರಡುವಾಗ ಆಚಾರಿಗೆ ಒಂದು ಕತ್ತಿ ಹೇಳಿದ್ದೆವು. ವಾರದ ಮೇಲೆ ಬಂತು. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಬಡಿದದ್ದು. ಅಷ್ಟು ಭಾರ ಹೊತ್ತು ಅಷ್ಟು ಹೊಂಡ ಹಾರಿ ಬಂದ ಉಕ್ಕು ಕತ್ತಿಗೆ ಬಹಳ ಒಳ್ಳೇದಂತೆ, ನಮ್ಮ ಹೈವೇ ಬದಿಯ ಗ್ಯಾರೇಜುಗಳಲ್ಲಿ ಅದಕ್ಕೇನೂ ಬರ ಇಲ್ಲ. ಹಿಡಿ ಹಲಸಿನ ಮರದ್ದು. ಆಯಿ ಹೆಬ್ಬೆರಳಿನಿಂದ ಅಂಚು ಮುಟ್ಟಿ ನೋಡಿದಳು, ಹಿತ್ತಲಿಗೆ ಹೋಗಿ ಒಂದು ಎಳೆ ಹಲಸಿನಕಾಯಿ ತಂದು ಎರಡೇ ಏಟಿಗೆ ಸೀಳಿದಳು. ಕತ್ತಿಗೆ ಹತ್ತಿದ ಮೇಣ ಒರೆಸುತ್ತಾ, “ಇದಕ್ಕೆ ಲೈಸನ್ಸ್ ಬೇಡ ಅಲ್ದಾ?” ಅಂತ ಕೇಳಿದಳು.